ಟವೆಲ್ ಮುಸುಕಿನ ಮಾನಿಟರ್ ಸಾಹೇಬರಿಗೆ

ತರೀಕೆರೆಯ ಒಂದು ನರ್ಸಿಂಗ್ ಹೋಮಿನ ಮೇಲಿನ ಮಹಡಿಯಲ್ಲಿ, ಕಿಟಕಿ ಪಕ್ಕದ ಹಾಸಿಗೆಯ ತಲೆದೆಸೆಗೆ ನಿಂತು, ಹಗಲಿರುಳೂ ರೆಪ್ಪೆ ಮುಚ್ಚದೆ ಕರ್ತವ್ಯ ನಿರ್ವಹಿಸುತ್ತಿರುವ ಶ್ರೀಮಾನ್ ಮಾನಿಟರ್ ಅವರ ಸನ್ನಿಧಿಗೆ,

ಮಾನ್ಯರೇ,

ಲಕ್ಕವಳ್ಳಿಯ ನಿವಾಸಿಯೂ, ಭದ್ರಾ ಅಣೆಕಟ್ಟಿನಲ್ಲಿ ನೀರಿನ ಮಟ್ಟ ಓದುವ ಕೆಲಸ ಮಾಡಿ ನಿವೃತ್ತನಾದವನೂ, ಇತ್ತೀಚೆಗೆ ಕೆಲವು ದಿನ ತಮ್ಮ ವೈರುಗಳಿಗೆ ಕಟ್ಟುಬಿದ್ದಿದ್ದವನೂ ಆದ ಹನುಮಂತಯ್ಯ ಮಾಡುವ ನಮಸ್ಕಾರಗಳು. ತಮ್ಮ ಹಸಿರು ಗೆರೆ, ನೀಲಿ ಗೆರೆ ಮತ್ತು ಬಿಳಿ ಅಂಕಿಗಳು ಸೌಖ್ಯವೆಂದು ನಂಬಿದ್ದೇನೆ. ನನ್ನ ಕ್ಷೇಮಸಮಾಚಾರವನ್ನು ನಾನು ತಿಳಿಸುವ ಅಗತ್ಯವಿಲ್ಲ. ಅದು ಮೊದಲು ತಮಗೆ ತಿಳಿಯುತ್ತದೆ, ತಮ್ಮಿಂದ ಸಿಸ್ಟರಿಗೆ, ಸಿಸ್ಟರಿಂದ ಬಾಗಿಲಾಚೆ ನನ್ನ ಹೆಂಡತಿ ಹುಲಿಯಮ್ಮನಿಗೆ, ಅವಳಿಂದ ಫೋನಿನಲ್ಲಿ ಕಡೂರಿನ ಮಗ ಸಿದ್ದೇಶನಿಗೆ, ಅವನಿಂದ ಸಮಸ್ತ ನೆಂಟರಿಗೆ ತಿಳಿಯುತ್ತದೆ. ಊರಿಗೆಲ್ಲ ತಿಳಿದ ಮೇಲೂ ತಿಳಿಯದೆ ಉಳಿಯುವವನು ಒಬ್ಬನೇ, ಹಾಸಿಗೆಯ ಮೇಲೆ ಮಲಗಿರುವವನು.

ಈ ದೂರನ್ನು ತಮಗೇ ಏಕೆ ಬರೆಯುತ್ತಿದ್ದೇನೆ ಎಂದು ತಾವು ಹುಬ್ಬೇರಿಸಬಹುದು, ತಮಗೆ ಹುಬ್ಬು ಇದ್ದಿದ್ದರೆ. ಡಾಕ್ಟರಿಗೆ ಬರೆಯೋಣವೆಂದರೆ, ಅವರು ನನ್ನ ಹಾಸಿಗೆಯ ಬಳಿ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಈ ಪತ್ರದ ಮೊದಲ ಪುಟ ಓದುವುದಕ್ಕೇ ಬೇಕಾಗುತ್ತದೆ. ಸಿಸ್ಟರಿಗೆ ಬರೆಯೋಣವೆಂದರೆ, ಇಡೀ ಮಹಡಿಗೆ ಇಬ್ಬರೇ ಇದ್ದು, ಒಬ್ಬರು ಸೂಜಿ ಹಿಡಿದು ಓಡುತ್ತಿದ್ದರೆ ಇನ್ನೊಬ್ಬರು ಆ ಸೂಜಿಯ ವಿವರ ಬರೆಯುತ್ತ ಕೂತಿರುತ್ತಾರೆ. ಮಾಲೀಕರಿಗೆ ಬರೆದರೆ ಅದು ತಿರುಗಿ ಅದೇ ಸಿಸ್ಟರ ತಲೆಯ ಮೇಲೇ ಬೀಳುತ್ತದೆ. ಹೀಗಾಗಿ, ಬೈದರೆ ಮುಖ ಊದಿಸಿಕೊಳ್ಳದ, ಹೊಗಳಿದರೆ ಉಬ್ಬದ, ಯಾರ ದಾಕ್ಷಿಣ್ಯಕ್ಕೂ ಒಳಗಾಗಿ ಸುಳ್ಳು ಹೇಳದ ತಾವೇ ಸೂಕ್ತ ಅಧಿಕಾರಿ ಎಂದು ತೀರ್ಮಾನಿಸಿದ್ದೇನೆ.

ತಮಗೆ ನೆನಪಿರಬಹುದು, ನಾನು ತಮ್ಮ ಬಳಿಗೆ ಬಂದದ್ದು ಅಜ್ಜಂಪುರದಲ್ಲಿ ಬೀಗರ ಊಟ ಉಂಡ ಪುಣ್ಯಫಲವಾಗಿ. ವಾಂತಿಭೇದಿ ಹತ್ತಿ, ಮೈಯಲ್ಲಿದ್ದ ನೀರೆಲ್ಲ ಖಾಲಿಯಾಗಿ, ಕಣ್ಣು ಗುಳಿಬಿದ್ದು ಬಂದವನನ್ನು ಮಲಗಿಸಿ, ತೋಳಿಗೆ ಪಟ್ಟಿ ಸುತ್ತಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರು. ಅದುವರೆಗೆ ಬಿಪಿ ಎನ್ನುವುದು ಬೇರೆಯವರಿಗೆ ಬರುವ ಕಾಯಿಲೆ ಎಂದು ನಂಬಿ ಯಾರಿಗೂ ತೋಳು ಕೊಡದೆ ಬದುಕಿದ್ದ ನಾನು, ಅಂದು ಮೊದಲ ಬಾರಿಗೆ ನನ್ನ ಒಳಗಿನ ಮಟ್ಟವನ್ನು ಹೊರಗೆ ಅಂಕಿಯಾಗಿ ಕಂಡೆ. ಪ್ರತಿಮಾ ಎಂಬ ಸಿಸ್ಟರು ತಮ್ಮ ಮುಖ ನೋಡಿ, ಬಿಪಿ ಬಹಳ ಕೆಳಗಿದೆ, ಏರಬೇಕು ಎಂದರು. ಏರಬೇಕು, ಸರಿ. ಎಲ್ಲಿಯವರೆಗೆ ಏರಬೇಕು ಎಂದು ಕೇಳಿದೆ. ನೀವು ಮಲಗಿ ಅಜ್ಜ, ಎಂದು ಹೇಳಿ ಪಕ್ಕದ ಹಾಸಿಗೆಗೆ ಹೋದರು. ಈ ಒಂದು ಪ್ರಶ್ನೆಗೆ ಅಂದೇ ಉತ್ತರ ಸಿಕ್ಕಿದ್ದರೆ ತಮಗೆ ಈ ಪತ್ರ ಓದುವ ಕಷ್ಟ ಬರುತ್ತಿರಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಸಿಂಗಟಗೆರೆಯ ಕೆಂಚಮ್ಮ ಎಂಬ ಹಿರಿಯರಿದ್ದರು. ಅವರ ಮಗ ದುಶ್ಯಂತನಿಗೆ ಎರಡು ಬೋರ್‌ವೆಲ್ಲು, ತೆಂಗಿನ ತೋಟ. ತಮ್ಮ ಸೋದರರಾದ ಇನ್ನೊಂದು ಮಾನಿಟರಿನಲ್ಲಿ ಮೂರು ಬಣ್ಣದ ಮೂರು ಗೆರೆ ಓಡುವುದನ್ನು ಕಂಡು, ಇದು ತ್ರೀ ಫೇಸ್ ಲೈನು ಎಂದು ಅವನು ಯಾರನ್ನೂ ಕೇಳದೆಯೇ ಗೊತ್ತುಮಾಡಿಕೊಂಡಿದ್ದ. ಒಂದು ದಿನ ಕೆಂಚಮ್ಮನವರು ತಲೆ ಕೆರೆದುಕೊಳ್ಳುವಾಗ ಬೆರಳಿನ ಕ್ಲಿಪ್ಪು ಕಳಚಿ, ನೀಲಿ ಗೆರೆ ಮಲಗಿಬಿಟ್ಟಿತು, ಯಂತ್ರ ಕೂಗತೊಡಗಿತು. ಒಂದು ಫೇಸ್ ಹೋದರೆ ಮೋಟಾರು ಸುಟ್ಟುಹೋಗುತ್ತದೆ ಎಂಬ ಜೀವಮಾನದ ಭಯದಲ್ಲಿ ದುಶ್ಯಂತ ಒಂದೇ ನೆಗೆತಕ್ಕೆ ಗೋಡೆಯ ಸ್ವಿಚ್ಚು ಆರಿಸಿ, ತಾಯಿಯನ್ನು ಉಳಿಸಿಕೊಂಡ ಸಮಾಧಾನದಲ್ಲಿ ಬೆವರು ಒರೆಸಿಕೊಂಡ. ಸಿಸ್ಟರು ಓಡಿಬಂದು, ಸ್ವಿಚ್ಚು ಹಾಕಿ, ಕ್ಲಿಪ್ಪು ಸಿಕ್ಕಿಸಿ, ಅವನನ್ನು ಕೆಕ್ಕರಿಸಿ ನೋಡಿ ಹೋದರು. ಕ್ಲಿಪ್ಪು ಏನು ಅಳೆಯುತ್ತದೆ ಎಂದು ಆಗಲೂ ಯಾರೂ ಹೇಳಲಿಲ್ಲವಾದ್ದರಿಂದ, ತಾನು ಸ್ವಿಚ್ಚು ಆರಿಸಿದ್ದರಿಂದಲೇ ಎಲ್ಲ ಸರಿಯಾಯಿತೆಂದು ಅವನು ಇವತ್ತಿಗೂ ನಂಬಿದ್ದಾನೆ. ನಾನು ಅವನನ್ನು ನೋಡಿ ಒಳಗೊಳಗೇ ನಕ್ಕೆ. ನನ್ನ ಸರದಿ ಬರುವುದಿತ್ತು.

ಸಿಸ್ಟರ ಶಬ್ದಭಂಡಾರದ ಬಗ್ಗೆ ಎರಡು ಮಾತು ಹೇಳದಿದ್ದರೆ ನಾನು ಕೃತಘ್ನನಾಗುತ್ತೇನೆ. ಅಂಕಿ ಏರಿದರೆ ‘ಸ್ವಲ್ಪ ವೇರಿಯೇಷನ್’. ಇಳಿದರೆ ‘ಸ್ವಲ್ಪ ವೇರಿಯೇಷನ್’. ತಾವು ಕುಯ್ಯೋ ಎಂದು ಕೂಗಿಕೊಂಡರೆ ತಮ್ಮ ಬಾಯಿ ಮುಚ್ಚಿಸುವ ಗುಂಡಿ ಒತ್ತಿ ‘ಪರವಾಗಿಲ್ಲ’. ಇದರ ಮೇಲೂ ಕೇಳಿದರೆ ‘ಡಾಕ್ಟರ್ ರೌಂಡ್ಸಿಗೆ ಬಂದಾಗ ಕೇಳಿ’. ಇಷ್ಟು ಕಡಿಮೆ ಮಾತಿನಲ್ಲಿ ಮನುಷ್ಯನ ರಕ್ತ, ಉಸಿರು, ಎದೆಬಡಿತ, ಜ್ವರಗಳನ್ನೆಲ್ಲ ವಿವರಿಸಿ ಮುಗಿಸುವ ಶಕ್ತಿ ನಮ್ಮ ದೊಡ್ಡ ವಿದ್ವಾಂಸರಿಗೂ ಇಲ್ಲ.

ನಾನೂ ಮಟ್ಟ ಓದಿಯೇ ಹೊಟ್ಟೆ ಹೊರೆದವನು, ಮಾನ್ಯರೇ. ಅಣೆಕಟ್ಟು ತುಂಬಿ ಗೇಟು ಎತ್ತುವ ಮೊದಲು ಜೀಪಿನಲ್ಲಿ ಮೈಕು ಕಟ್ಟಿಕೊಂಡು ಹೊಳೆದಂಡೆಯ ಊರುಗಳಿಗೆ ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ಎಷ್ಟು ಕ್ಯೂಸೆಕ್ ಎಂದು ನಾನು ಯಾವ ಮುದುಕಿಗೂ ಹೇಳಲಿಲ್ಲ. ‘ಸಂಜೆ ಒಳಗೆ ನೀರು ಬತ್ತದೆ, ದನಕರ ಮ್ಯಾಕ್ಕೆ ಹೊಡ್ಕಳ್ಳಿ, ಪಂಪ್‌ಸೆಟ್ ಬಿಚ್ಕಳ್ಳಿ’ ಎನ್ನುತ್ತಿದ್ದೆ, ಅಷ್ಟೇ. ಆಸ್ಪತ್ರೆಯಲ್ಲಿ ಮಲಗಿದ ಮೇಲೆ ನನ್ನ ತಪ್ಪು ನನಗೆ ಅರಿವಾಯಿತು. ‘ಹೊಳೆಯಲ್ಲಿ ಸ್ವಲ್ಪ ವೇರಿಯೇಷನ್ ಇದೆ, ಗಾಬರಿ ಬೇಡ, ತಾವು ದಂಡೆಯ ಮೇಲೇ ಮಲಗಿ, ಇಂಜಿನಿಯರ್ ಬಂದಾಗ ಕೇಳಿಕೊಳ್ಳಿ’ ಎಂದು ಸಾರಿದ್ದರೆ ಎಷ್ಟು ಪೆಟ್ರೋಲು ಉಳಿಯುತ್ತಿತ್ತು, ಎಷ್ಟು ಜನ ಗಾಬರಿಯಿಲ್ಲದೆ ಸುಖವಾಗಿ ತೇಲಿಹೋಗುತ್ತಿದ್ದರು.

ಡ್ರಿಪ್ಪಿನ ಮೇಲೆ ಡ್ರಿಪ್ಪು ಇಳಿಯಿತು, ನನ್ನ ಬಿಪಿಯ ಬಿಳಿ ಅಂಕಿ ಏರತೊಡಗಿತು. ನೂರು ದಾಟಿತು, ನೂರಿಪ್ಪತ್ತಾಯಿತು. ಏರಬೇಕು ಎಂದು ಸಿಸ್ಟರೇ ಹೇಳಿದ್ದರಿಂದ, ಏರುವುದನ್ನು ನಾನು ಮಳೆಗಾಲದ ಒಳಹರಿವು ನೋಡುವವನ ಹಾಗೆ ಖುಷಿಯಿಂದ ನೋಡುತ್ತಿದ್ದೆ. ಅದು ಅಲ್ಲಿ ನಿಲ್ಲದೆ ಇನ್ನೂ ಏರಿತು. ಆಗ ಪ್ರತಿಮಾ ಸಿಸ್ಟರು ಹುಲಿಯಮ್ಮನನ್ನು ಬಾಗಿಲಾಚೆ ಕರೆದರು. ಅಲ್ಲಿ ಏನು ಮಾತಾಯಿತೋ, ಒಳಗೆ ಬಂದವಳ ಮುಖ ಬಿಳಿಚಿತ್ತು. ಏನಂತೆ ಎಂದರೆ ‘ಏನಿಲ್ಲ’ ಎಂದಳು. ಎಂದೂ ನನ್ನ ತಲೆದಿಂಬು ಸರಿಮಾಡದವಳು ಅಂದು ಎರಡು ಸಲ ಸರಿಮಾಡಿದಳು. ಆಮೇಲೆ ಬ್ಯಾಗಿನಿಂದ ಮನೆಯ ಟವೆಲ್ ತೆಗೆದು ತಮ್ಮ ಮುಖದ ಮೇಲೆ ಹೊದಿಸಿ, ಬೆಳಕು ಕಣ್ಣಿಗೆ ಹೊಡೆಯುತ್ತದೆ, ನೀವು ಮಲಗಿ ಎಂದಳು. ಈ ಅಪಮಾನಕ್ಕಾಗಿ ನನ್ನ ಕುಟುಂಬದ ಪರವಾಗಿ ತಮ್ಮ ಕ್ಷಮೆ ಕೋರುತ್ತೇನೆ. ಅದು ಸಾಲದ್ದಕ್ಕೆ ಆ ಟವೆಲ್ ನಾನು ಸ್ನಾನಕ್ಕೆ ಬಳಸುವಂಥದ್ದು.

ಮಾರನೆಯ ದಿನ ನನ್ನನ್ನು ನೋಡಲು ಲಕ್ಕವಳ್ಳಿಯಿಂದ ತಿಪ್ಪೇಶ ಬಂದ. ಅವನೂ ನನ್ನಂತೆಯೇ ಅಣೆಕಟ್ಟಿನಿಂದ ನಿವೃತ್ತನಾದವನು, ಮುಚ್ಚಿದ್ದನ್ನು ಎತ್ತಿ ನೋಡದಿದ್ದರೆ ಅನ್ನ ಇಳಿಯದವನು. ಹುಲಿಯಮ್ಮ ಕೆಳಗೆ ಔಷಧಿ ತರಲು ಹೋದ ಸಮಯ ನೋಡಿ ತಮ್ಮ ಮುಸುಕು ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ. ನಾನೂ ಕತ್ತು ತಿರುಗಿಸಿ ನೋಡಿದೆ. ನೂರ ಎಂಬತ್ತಾರು.

ತಾವು ಬೇರೆ ಊರಿನಲ್ಲಿ ತಯಾರಾಗಿ ಬಂದವರು, ತಮಗೆ ತಿಳಿದಿರಲಿಕ್ಕಿಲ್ಲ. ನಮ್ಮ ಭದ್ರೆಯ ಪೂರ್ಣ ಮಟ್ಟ ನೂರ ಎಂಬತ್ತಾರು ಅಡಿ. ಆ ಅಂಕಿ ಬಂದ ದಿನ ಲಕ್ಕವಳ್ಳಿಯಲ್ಲಿ ಪರಿಚಯವಿಲ್ಲದವರೂ ಒಬ್ಬರಿಗೊಬ್ಬರು ಸಿಹಿ ಕೊಡುತ್ತಾರೆ, ದೊಡ್ಡವರು ಬಂದು ಬಾಗಿನ ಬಿಡುತ್ತಾರೆ, ಮುಂದಿನ ಬೆಳೆಯ ಚಿಂತೆ ಅಲ್ಲಿಗೆ ಮುಗಿಯುತ್ತದೆ. ಎಷ್ಟೋ ಮಳೆಗಾಲ ಆ ಅಂಕಿಗಾಗಿ ಕಾದು ನೂರ ಎಂಬತ್ತರ ಹತ್ತಿರ ಬಂದು ಸೋತವರು ನಾವು. ತಿಪ್ಪೇಶನ ಕಣ್ಣಲ್ಲಿ ನೀರು ಬಂತು. ‘ತುಂಬೈತೆ ಕಣಣ್ಣ. ಬಾಗಿನ ಬಿಡದೊಂದೇ ಬಾಕಿ’ ಎಂದ. ಏರಬೇಕು ಎಂದಿದ್ದರು, ಏರಿತ್ತು. ಎಲ್ಲಿಯವರೆಗೆ ಎಂದು ಯಾರೂ ಹೇಳಿರಲಿಲ್ಲ, ನಮಗೆ ಗೊತ್ತಿದ್ದ ಪೂರ್ಣ ಮಟ್ಟ ಒಂದೇ. ಅವನು ಕೆಳಗೆ ಹೋಗಿ ಮೈಸೂರು ಪಾಕು ತಂದು ಇಡೀ ಕೋಣೆಗೆ ಹಂಚಿದ. ದುಶ್ಯಂತ ಎರಡು ತುಂಡು ತಿಂದು, ಫುಲ್ ವೋಲ್ಟೇಜು ಎಂದು ನನ್ನ ಕೈ ಕುಲುಕಿದ.

ಅಷ್ಟರಲ್ಲಿ ಸಿಸ್ಟರು ಒಂದು ಪುಟ್ಟ ಮಾತ್ರೆ ತಂದು, ಇದು ತಗೊಳ್ಳಿ, ಒಳ್ಳೆಯದು ಎಂದು ಕೈಗಿಟ್ಟರು. ಮುಸುಕು ಜಾರಿದ್ದನ್ನು ಕಂಡು ಅದನ್ನು ಮತ್ತೆ ಸರಿಯಾಗಿ ಹೊದಿಸಿ, ಮೈಸೂರು ಪಾಕನ್ನು ಬೇಡವೆಂದು ಹೊರಟುಹೋದರು. ತಿಪ್ಪೇಶ ಮಾತ್ರೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಾನೂ ಇದನ್ನೇ ನುಂಗುವವನು, ಇದು ಬಿಪಿ ಇಳಿಸುವ ಮಾತ್ರೆ ಎಂದು ಗುರುತು ಹಿಡಿದ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಇಷ್ಟು ಕಷ್ಟಪಟ್ಟು ತುಂಬಿದ್ದನ್ನು ತುಂಬಿದ ದಿನವೇ ಖಾಲಿ ಮಾಡುವುದೇ? ಇದು ಯಾವ ಇಲಾಖೆಯ ನ್ಯಾಯ? ಹೇಳದೆ ಕೇಳದೆ ಗೇಟು ಎತ್ತುವ ಅಧಿಕಾರಿಗಳನ್ನು ನಾವಿಬ್ಬರೂ ಕಂಡವರೇ. ಹೀಗೆ ಯೋಚಿಸಿ ನಾನು ಆ ಮಾತ್ರೆಯನ್ನು ಬಾಳೆಹಣ್ಣಿನ ಸಿಪ್ಪೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದೆ. ಸಂಜೆಯ ಮಾತ್ರೆಗೂ ಅದೇ ಗತಿ. ಟವೆಲಿನ ಹಿಂದೆ ತಾವು ಆ ಹೊತ್ತಿಗೆ ಏನು ತೋರಿಸುತ್ತಿದ್ದಿರೋ, ಪಾಪ, ನೋಡುವವರು ಯಾರು?

ಬೆಳಿಗ್ಗೆ ಹುಲಿಯಮ್ಮ ಕಾಫಿ ಲೋಟ ಕೊಟ್ಟಳು. ನಾನು ಹಿಡಿದೆ ಎಂದುಕೊಂಡೆ, ಲೋಟ ಬಿತ್ತು. ಬಿದ್ದಿತೇಕೆ ಎಂದು ಕೇಳಲು ಹೋದರೆ ನಾಲಿಗೆ ದಪ್ಪವಾಗಿ ಮಾತು ಒಂದು ಕಡೆಗೆ ಎಳೆಯಿತು. ಬಲಗೈ ನನ್ನ ಮಗ್ಗುಲಲ್ಲೇ ಇತ್ತು, ಬೇರೆಯವರದೆನ್ನುವ ಹಾಗೆ ಇತ್ತು. ನನ್ನ ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದವನು, ಮಾನ್ಯರೇ. ನಮ್ಮ ಮನೆಯಲ್ಲಿ ಸರ್ಕಾರಿ ಕಾಗದಕ್ಕೆ ಮೊದಲು ಸಹಿ ಹಾಕಿದ ಕೈ ಅದು. ಅದನ್ನು ಎತ್ತಲು ಹೋಗಿ ಎತ್ತಲಾಗದೆ ಮಲಗಿದ್ದಾಗ ನನಗೆ ಯಾವ ವ್ಯಂಗ್ಯವೂ ಹೊಳೆಯಲಿಲ್ಲ. ಅತ್ತುಬಿಟ್ಟೆ. ಹುಲಿಯಮ್ಮ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಮತ್ತೆ ಮತ್ತೆ ಏನಿಲ್ಲ, ಏನಿಲ್ಲ ಎನ್ನುತ್ತಿದ್ದಳು.

ಪ್ರತಿಮಾ ಸಿಸ್ಟರು ಓಡಿಬಂದವರೇ ಟವೆಲ್ ಕಿತ್ತು ನೆಲಕ್ಕೆ ಎಸೆದರು. ಆಮೇಲೆ ನಡೆದದ್ದೆಲ್ಲ ಚುರುಕಾಗಿ ನಡೆಯಿತು: ಡಾಕ್ಟರು ಬಂದರು, ಸೂಜಿ ಬಂತು, ಸ್ಕ್ಯಾನಿಗೆ ಹೋದದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಮಾತು ನೆಟ್ಟಗಾಯಿತು, ಬೆರಳುಗಳು ಒಂದೊಂದಾಗಿ ಎಚ್ಚರವಾದವು. ಮಾತ್ರೆಗಳ ಕಥೆಯನ್ನು ನಾನೇ ಹೇಳಿದೆ. ಬೈಯುತ್ತಾರೆ ಎಂದುಕೊಂಡರೆ, ಆ ಹುಡುಗಿ ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು. ಹೌದು, ಕೂತಳು; ಆ ಮಹಡಿಯಲ್ಲಿ ಸಿಸ್ಟರೊಬ್ಬರು ಕೂತು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಜ್ಜಂಪುರದ ಕಡೆಯವಳಂತೆ. ಭದ್ರೆ ತುಂಬಿದರೆ ನಾವೂ ಸಿಹಿ ತಿನ್ನುವವರೇ ಎಂದಳು. ಆಮೇಲೆ ಹೇಳಿದಳು:

‘ಆದ್ರೆ ಅಜ್ಜ, ನಿಮ್ ಮೈಯೊಳಗಿರೋದು ಡ್ಯಾಮ್ ಅಲ್ಲ, ಕಾಲುವೆ. ಡ್ಯಾಮಿನ ಮಟ್ಟಾನ ಕಾಲುವೇಲಿ ನಿಲ್ಸಿದ್ರೆ ದಂಡೆ ತಡ್ಕಳ್ಳಲ್ಲ. ನೂರಿಪ್ಪತ್ತು, ನೂರಮೂವತ್ತು ಇದ್ರೆ ಸಾಕು. ಮೊದ್ಲು ನೀರೇ ಇರ್ಲಿಲ್ಲ, ಅದಕ್ಕೆ ಏರ್ಬೇಕು ಅಂದೆ. ಆಮೇಲೆ ಹೆಚ್ಚಾಯ್ತು, ಅದಕ್ಕೆ ಇಳೀಲಿ ಅಂತ ಮಾತ್ರೆ ಕೊಟ್ಟೆ.’

ಇಷ್ಟೇ. ನನಗೆ ಅರ್ಥವಾಯಿತು, ದುಶ್ಯಂತನಿಗೆ ಅರ್ಥವಾಯಿತು, ಬಾಗಿಲ ಬಳಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದ ಹುಲಿಯಮ್ಮನಿಗೂ ಅರ್ಥವಾಯಿತು. ಇದನ್ನೇ ಮೊದಲು ಏಕೆ ಹೇಳಲಿಲ್ಲ ತಾಯಿ ಎಂದು ಕೇಳಿದೆ. ಅವಳು ಹುಲಿಯಮ್ಮನ ಕಡೆ ನೋಡಿದಳು. ಆಗ ಹೊರಬಿತ್ತು ಸಂಗತಿ: ಬಾಗಿಲಾಚೆ ಈ ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳಿದ್ದಳು; ನನಗೆ ಹೇಳಕೂಡದು, ಕೇಳಿದರೆ ಹೆದರಿ ಇನ್ನೂ ಏರುತ್ತದೆ ಎಂದು ಅವಳ ಕೈ ಹಿಡಿದು ಬೇಡಿಕೊಂಡವಳು ನನ್ನ ಧರ್ಮಪತ್ನಿ, ಫೋನಿನಲ್ಲಿ ಅದನ್ನು ಅನುಮೋದಿಸಿದವನು ನನ್ನ ಮಗ. ರೋಗಿಯ ಮನೆಯವರೆಲ್ಲ ಹೀಗೇ ಬೇಡಿಕೊಳ್ಳುತ್ತಾರೆ, ನಮಗೂ ಹೂಂ ಎಂದು ಅಭ್ಯಾಸವಾಗಿದೆ ಎಂದಳು ಆ ಹುಡುಗಿ. ನನ್ನ ರಕ್ತದ ವಿಷಯದಲ್ಲಿ ನನ್ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಸಭೆ ಸೇರಿ ಸರ್ವಾನುಮತದಿಂದ ನಿರ್ಣಯ ಕೈಗೊಂಡಿದ್ದರು.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿವೆ. ತಮ್ಮ ಕುಯ್ಯೋ ಎಂಬ ಸಣ್ಣ ದನಿಯನ್ನು ಕೈಬಿಟ್ಟು, ನಮ್ಮ ಅಣೆಕಟ್ಟಿನ ಸೈರನ್ನನ್ನು ಅಳವಡಿಸಿಕೊಳ್ಳಬೇಕು. ಆಗ ಗುಂಡಿ ಒತ್ತಿ ಬಾಯಿ ಮುಚ್ಚಿಸಲು ಬಂದವರೇ ಕಿವಿ ಮುಚ್ಚಿಕೊಂಡು ನಿಲ್ಲುತ್ತಾರೆ. ತಮ್ಮ ಮುಖದ ಮೇಲೆ ಯಾರಾದರೂ ಟವೆಲ್ ಹೊದಿಸಿದರೆ ಅದನ್ನು ಸುಡುವಷ್ಟು ಬಿಸಿಯಾಗುವ ಶಕ್ತಿಯನ್ನು ತಯಾರಕರಿಂದ ಕೇಳಿ ಪಡೆಯಬೇಕು. ಬಾಗಿಲಾಚೆ ನಡೆಯುವ ಪಿಸುಮಾತೆಲ್ಲ ತಮ್ಮ ಪರದೆಯ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಮೂಡುವಂತಾಗಬೇಕು. ಇವು ಯಾವುದೂ ಆಗದಿದ್ದರೆ, ಅಣೆಕಟ್ಟಿನ ಮಟ್ಟದ ಕಂಬಕ್ಕೆ ನಾವು ಬಳಿಯುವಂಥ ಒಂದು ಕೆಂಪು ಗೆರೆಯನ್ನಾದರೂ ಬಳಿಸಿಕೊಳ್ಳಿ. ಇಲ್ಲಿಂದ ಮೇಲೆ ಅಪಾಯ ಎಂದು ಎಮ್ಮೆ ಕಾಯುವವನಿಗೂ ತಿಳಿಯುತ್ತದೆ. ಮತ್ತು ತಮ್ಮ ಪಕ್ಕದಲ್ಲಿ ಒಂದು ಸ್ಟೂಲು ಖಾಯಂ ಇರುವಂತೆ ನೋಡಿಕೊಳ್ಳಿ. ಸಿಸ್ಟರಿಗೆ ಕೂರಲು ಜಾಗವಿದ್ದರೆ ಬಾಯಿಗೆ ಮಾತು ಬರುತ್ತದೆ ಎಂಬುದು ನನ್ನ ಅನುಭವ.

ಪ್ರತಿಮಾ ಸಿಸ್ಟರು ರೋಗಿಗೆ ನೇರವಾಗಿ ವಿಷಯ ಹೇಳಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡರೆಂದು ಆಮೇಲೆ ಕೇಳಿದೆ. ಬಹಳ ಸರಿ. ಈ ಚಾಳಿ ಹಬ್ಬಿದರೆ ನಾಳೆ ರೋಗಿಗಳು ಮಾತ್ರೆ ನುಂಗತೊಡಗಿಯಾರು, ಗುಣವಾಗಿ ಮನೆಗೆ ಹೊರಟುಬಿಟ್ಟಾರು.

ಟವೆಲ್ ಇದ್ದರೂ ಇಲ್ಲದಿದ್ದರೂ ಒಂದೇ ಅಂಕಿ ತೋರಿಸಿದ ತಮ್ಮ ಪ್ರಾಮಾಣಿಕತೆಗೆ ತಲೆಬಾಗುತ್ತ,

ತಮ್ಮ ವಿಶ್ವಾಸಿ,
ಹನುಮಂತಯ್ಯ
(ಸಹಿ ಸ್ವಲ್ಪ ವಾಲಿದೆ. ಸ್ವಲ್ಪ ವೇರಿಯೇಷನ್, ಅಷ್ಟೇ.)

ತಾಜಾ ಕಲಂ: ಲಕೋಟೆ ಅಂಟಿಸುವ ಮೊದಲು ಇನ್ನೊಂದು ವಿಷಯ. ಸಿದ್ದೇಶ ಕಡೂರಿನಿಂದ ತಮ್ಮ ವಂಶದ ಪುಟ್ಟ ಯಂತ್ರವೊಂದನ್ನು ತಂದುಕೊಟ್ಟಿದ್ದಾನೆ, ತೋಳಿಗೆ ಸುತ್ತಿ ಗುಂಡಿ ಒತ್ತಿದರೆ ಸಾಕು. ಇವತ್ತು ನನ್ನದು ನೋಡಿ ಆದ ಮೇಲೆ, ನಂದೂ ಒಂದ್ಸಲ ನೋಡಿ ಎಂದು ಹುಲಿಯಮ್ಮ ತಮಾಷೆಗೆ ತೋಳು ಚಾಚಿದಳು. ಅಂಕಿ ಏರಿ ಏರಿ ನಿಂತದ್ದು ನೂರ ತೊಂಬತ್ತರ ಮೇಲೆ. ಏನಂತೆ ಎಂದು ಕೇಳಿದಳು. ಮಾನ್ಯರೇ, ಮೇಲಿನ ಪುಟಗಳನ್ನೆಲ್ಲ ಬರೆದು ಶಾಯಿ ಇನ್ನೂ ಆರಿರಲಿಲ್ಲ. ನನ್ನ ಬಾಯಿಂದ ಬಂದ ಮಾತು ‘ಏನಿಲ್ಲ’.

ಅವಳು ಯಂತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು. ‘ನಂಗೂ ಅಂಕಿ ಬತ್ತವೆ ಕಣ್ರೀ. ಆ ಹುಡ್ಗಿ ಕಾಲುವೆ ವಿಷ್ಯ ಹೇಳ್ವಾಗ ನಾನೂ ಅಲ್ಲೇ ನಿಂತಿದ್ದೆ. ಏಳಿ, ತರೀಕೆರೆ ಬಸ್ಸಿಗೆ ಹೋಗನ’ ಎಂದಳು.

ಹೀಗಾಗಿ ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ಬಸ್ಸಿಗೆ ಕಾಯುತ್ತ ಇಷ್ಟು ಬರೆದು ಕೈಯಾರೆ ತರುತ್ತಿದ್ದೇನೆ. ನನಗೆ ಭಯವಾಗಿದೆ, ಅದನ್ನು ಅವಳಿಗೂ ಹೇಳಿದ್ದೇನೆ. ಕಿಟಕಿ ಪಕ್ಕದ ಹಾಸಿಗೆ ಖಾಲಿ ಇದ್ದರೆ ತಾವೇ ನೋಡಿಕೊಳ್ಳಿ. ಅವಳು ಅಭ್ಯಾಸಬಲದಿಂದ ಬ್ಯಾಗಿನಲ್ಲಿ ಟವೆಲ್ ಇಟ್ಟಿದ್ದಳು. ನಾನು ಅದನ್ನು ತೆಗೆದು ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹಾಕಿ ಬಾಗಿಲು ಎಳೆದುಕೊಂಡಿದ್ದೇನೆ.